ಕನ್ನಡ ತಾಣಗಳಲ್ಲಿ ಆ್ಯಡ್‌ಬ್ಲಾಕರ್: ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು?

ಒರತೆ
ಇಲ್ಲಿರುವ ಬಹಳಷ್ಟು ಜನ ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್‌ಬ್ಲಾಕರ್ (ಜಾಹೀರಾತು ತಡೆಯುವ ಬ್ರೌಸರ್ ವಿಸ್ತರಣೆ) ಹಾಕಿಕೊಂಡವರೇ. ದೊಡ್ಡ ಸುದ್ದಿ ತಾಣವಾಗಲಿ, ಒಬ್ಬರೇ ಕೂತು ನಡೆಸುವ ಅಡುಗೆ ಬ್ಲಾಗ್ ಆಗಲಿ, ಅದಕ್ಕೆ ಭೇದವಿಲ್ಲ, ಜಾಹೀರಾತು ಕಂಡರೆ ಕಿತ್ತು ಹಾಕುತ್ತದೆ. ಭೇದ ಮಾಡಬೇಕಾದವರು ನಾವು. ಹಾಗಾದರೆ ಯಾವ ಆಧಾರದ ಮೇಲೆ? ತಡೆದಾಗ ನಿಜವಾಗಿ ಯಾರ ದುಡ್ಡು ಹೋಗುತ್ತದೆ? ಜಾಹೀರಾತು ಬರಲಿ, ತಾಣದಿಂದ ತಾಣಕ್ಕೆ ನಮ್ಮ ಬೆನ್ನು ಹತ್ತುವುದು ಮಾತ್ರ ಬೇಡ ಅನ್ನುವವರಿಗೆ ದಾರಿ ಇದೆಯೇ? ತಾಣ ನಡೆಸುವವರೂ ಬಂದು ಮಾತಾಡಿ. "ಎಲ್ಲ ಕಳ್ಳರೇ" ಅನ್ನುವ ಥರದ ಒಂದು ಸಾಲಿನ ಉತ್ತರ ಬೇಡ, ಸೆಟ್ಟಿಂಗ್ ಸಮೇತ ಬರೆಯಿರಿ.

ತಂತಿಮನೆ
ಸರಿ ತಪ್ಪಿಗೆ ಮೊದಲು, ಪುಟ ತೆರೆದಾಗ ಏನಾಗುತ್ತದೆ ಅನ್ನುವುದನ್ನು ನೋಡೋಣ. ಪುಟದಲ್ಲಿ ಜಾಹೀರಾತಿಗೆಂದು ಜಾಗ ಬಿಟ್ಟಿರುತ್ತಾರೆ. ಬ್ರೌಸರ್ ಅಲ್ಲಿಗೆ ಬಂದ ಕೂಡಲೇ ಜಾಹೀರಾತು ಸರ್ವರಿಗೆ ಕೋರಿಕೆ ಹೋಗಿ ಹರಾಜು ಶುರುವಾಗುತ್ತದೆ. ನೀವು ಓದುತ್ತಿರುವ ಪುಟದ ವಿಳಾಸ, ಐಪಿ (ಅಂತರಜಾಲದಲ್ಲಿ ನಿಮ್ಮ ಸಂಪರ್ಕದ ವಿಳಾಸ), ಫೋನಿನ ಮಾದರಿ, ಸುಮಾರಾಗಿ ಯಾವ ಊರು, ಕುಕೀ (ತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತು) ಇದ್ದರೆ ಅದು, ಇವೆಲ್ಲ ಹಲವಾರು ಖರೀದಿದಾರರಿಗೆ ಒಟ್ಟಿಗೇ ತಲುಪುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹರಾಜು ಮುಗಿಯುತ್ತದೆ. ಗೆಲ್ಲುವವರು ಒಬ್ಬರು, ಆದರೆ ಮಾಹಿತಿ ಸೋತವರ ಕೈಗೂ ಸೇರಿಯಾಗಿರುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಸೀರೆ ಅಂಗಡಿಯ ಚಿತ್ರ ಕಂಡರೆ ನನಗೇನೂ ಬೇಜಾರಿಲ್ಲ.

ಇನ್ನು ಬ್ಲಾಕರ್ ಎರಡು ರೀತಿ ಕೆಲಸ ಮಾಡುತ್ತದೆ. ಮೊದಲನೆಯದು ಕೋರಿಕೆಯನ್ನೇ ತಡೆಯುವುದು. ಆಗ ಹರಾಜೇ ನಡೆಯುವುದಿಲ್ಲ, ಜಾಹೀರಾತುದಾರನಿಗೆ ಬಿಲ್ಲೂ ಬೀಳುವುದಿಲ್ಲ, ಹೋಗುವುದು ತಾಣದವರ ಆದಾಯ. ಎರಡನೆಯದು ಬಂದ ಜಾಹೀರಾತನ್ನು ಪುಟದಲ್ಲಿ ಮರೆಮಾಡುವುದು. ಇಲ್ಲಿ ಕೋರಿಕೆ ಹೋಗಿರುತ್ತದೆ, ನಿಮ್ಮ ಡೇಟಾ ಖರ್ಚಾಗಿರುತ್ತದೆ, ಹಿಂಬಾಲಿಕೆಯೂ ನಡೆದಿರುತ್ತದೆ, ಚಿತ್ರ ಮಾತ್ರ ಕಾಣುವುದಿಲ್ಲ. ಜಾಹೀರಾತಿನ ಅರ್ಧದಷ್ಟು ಭಾಗ ಕನಿಷ್ಠ ಒಂದು ಸೆಕೆಂಡು ಪರದೆಯ ಮೇಲಿದ್ದರೆ "ನೋಡಿದ್ದು" ಎಂದು ಲೆಕ್ಕ, ವಿಡಿಯೋಗೆ ಎರಡು ಸೆಕೆಂಡು. ಮರೆಮಾಡಿದ ಜಾಹೀರಾತು ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ "ಬರಲಿ ಬಿಡಿ, ಕಾಣದಿದ್ದರಾಯಿತು" ಅನ್ನುವ ಮಧ್ಯದ ದಾರಿಯಿಂದ ಯಾರಿಗೂ ಉಪಯೋಗವಿಲ್ಲ.

ಅಂಗಳ ಸಂಪಾದಕ
ತಾಣ ನಡೆಸುವವರ ಕಡೆಯಿಂದ ಲೆಕ್ಕ ಹಾಕೋಣ. ಸಾವಿರ ಪುಟ ನೋಟಕ್ಕೆ 40 ರೂಪಾಯಿ ಅಂತ ಹಿಡಿಯಿರಿ. ಇದು ಲೆಕ್ಕಕ್ಕಾಗಿ ಹಿಡಿದದ್ದು, ನಿಜದ ದರ ವಿಷಯ, ತಿಂಗಳು, ಓದುಗರ ಊರು ನೋಡಿಕೊಂಡು ಏರಿಳಿಯುತ್ತದೆ. ತಿಂಗಳಿಗೆ 30,000 ಪುಟ ನೋಟವಿರುವ ಸಣ್ಣ ಕನ್ನಡ ತಾಣಕ್ಕೆ 1,200 ರೂಪಾಯಿ ಬಂತು. ಗೂಗಲ್‌ನ ಜಾಹೀರಾತು ಸೇವೆ ಆ್ಯಡ್‌ಸೆನ್ಸ್‌ನಲ್ಲಿ ನೂರು ಡಾಲರ್ ತುಂಬುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ, ಅಂದರೆ ಏಳೆಂಟು ತಿಂಗಳು ಕಾಯಬೇಕು. ಓದುಗರಲ್ಲಿ ಅರ್ಧ ಜನ ಬ್ಲಾಕರ್ ಹಾಕಿದರೆ ಅದೇ ನೂರು ಡಾಲರಿಗೆ ಒಂದೂಕಾಲು ವರ್ಷ. ಅಷ್ಟರಲ್ಲಿ ಡೊಮೇನ್ ನವೀಕರಣ, ಹೋಸ್ಟಿಂಗ್ ಬಿಲ್ ಎರಡೂ ಬಂದಿರುತ್ತವೆ.

ಜಾಹೀರಾತುದಾರ ಕೊಟ್ಟ ದುಡ್ಡು ಪೂರ್ತಿ ನಮಗೆ ಬರುತ್ತದೆ ಅಂತಲೂ ತಿಳಿಯಬೇಡಿ. 2024ರಿಂದ ಆ್ಯಡ್‌ಸೆನ್ಸ್ ಲೆಕ್ಕ ಹೀಗಿದೆ: ಖರೀದಿ ಕಡೆಯ ವೇದಿಕೆ (ಜಾಹೀರಾತುದಾರರ ಪರ ಹರಾಜು ಕೂಗುವುದು) ತನ್ನ ಶುಲ್ಕ ಮುರಿದುಕೊಂಡ ಮೇಲೆ ಉಳಿದದ್ದರಲ್ಲಿ ತಾಣಕ್ಕೆ ನೂರಕ್ಕೆ 80 ಪಾಲು. ಖರೀದಿಯೂ ಗೂಗಲ್ ಮೂಲಕವೇ ಆದರೆ ಒಟ್ಟಾರೆ ಸುಮಾರು 68 ಪಾಲು ಆಗುತ್ತದೆ. ದಲ್ಲಾಳಿಗಳು ಹೆಚ್ಚಿದಷ್ಟೂ ಇದು ಕರಗುತ್ತದೆ. ಬ್ರಿಟನ್ನಿನ ಜಾಹೀರಾತುದಾರರ ಸಂಘ ಐಎಸ್‌ಬಿಎಗಾಗಿ ಲೆಕ್ಕಪರಿಶೋಧನಾ ಸಂಸ್ಥೆ ಪಿಡಬ್ಲ್ಯುಸಿ 2020ರಲ್ಲಿ ಮಾಡಿದ ಅಧ್ಯಯನದಲ್ಲಿ ಪ್ರಕಾಶಕರಿಗೆ ತಲುಪಿದ್ದು 51 ಪಾಲು. 15 ಪಾಲು ಎಲ್ಲಿ ಹೋಯಿತು ಅನ್ನುವುದಕ್ಕೆ ಲೆಕ್ಕವೇ ಸಿಗಲಿಲ್ಲ. ಅದೂ ದೊಡ್ಡ ದೊಡ್ಡ ಪ್ರಕಾಶಕರ ಕಥೆ.

ಇನ್ನೊಂದು ಮಾತು, ಇದು ಮುಖ್ಯ. ನಮ್ಮ ಮೇಲಿನ ಅಭಿಮಾನಕ್ಕೆ ಬ್ಲಾಕರ್ ತೆಗೆದು ಕಂಡ ಜಾಹೀರಾತನ್ನೆಲ್ಲ ಒತ್ತುತ್ತಾ ಕೂರಬೇಡಿ. ಆಸಕ್ತಿಯಿಲ್ಲದ ಕ್ಲಿಕ್ಕುಗಳನ್ನು ಆ್ಯಡ್‌ಸೆನ್ಸ್ ಅಮಾನ್ಯ ದಟ್ಟಣೆ ಎಂದು ಹಿಡಿಯುತ್ತದೆ. ಮೊದಲು ಆ ಹಣ ವಾಪಸ್ ಹೋಗುತ್ತದೆ, ಮುಂದುವರಿದರೆ ಖಾತೆಯೇ ಮುಚ್ಚುತ್ತದೆ. "ಜಾಹೀರಾತು ಕ್ಲಿಕ್ ಮಾಡಿ ಬೆಂಬಲಿಸಿ" ಎಂದು ತಾಣದಲ್ಲಿ ಬರೆಯುವುದೂ ನಿಯಮಕ್ಕೆ ವಿರುದ್ಧ.

ಗಿರ್ಮಿಟ್
ಸಂಪಾದಕರ, ನಿಮ್ಮ ಲೆಕ್ಕಾ ಖರೆ ಐತಿ. ಆದ್ರ ಜಾಹೀರಾತು ನೋಡ್ತೀನಿ ಅಂತ ನಾ ಯಾರಿಗೂ ಬರದು ಕೊಟ್ಟಿಲ್ಲಲ್ರೀ. ಪೇಪರ್‌ನಾಗ ಮುಖಪುಟದ ತುಂಬ ಜಾಹೀರಾತು ಬಂದ್ರ ಹಂಗ ತಿರುವಿ ಹಾಕ್ತೀವಿ, ಯಾರೂ ಕಳ್ಳ ಅನ್ನೂದಿಲ್ಲ. ಮತ್ತ ಆ ಪೇಪರ್ ನನ್ನ ಕಡೆ ತಿರುಗಿ ನೋಡೂದಿಲ್ಲ, ನಾ ಎಷ್ಟೊತ್ತು ಯಾವ ಪುಟ ನೋಡಿದೆ ಅಂತ ಇನ್ನೊಬ್ಬರಿಗೆ ಹೇಳೂದಿಲ್ಲ. ಫೋನ್ ನಂದು, ಡೇಟಾ ನಂದು, ಬ್ಯಾಟರಿ ನಂದು. ಅದರಾಗ ಏನು ಓಡಬೇಕು ಅನ್ನೂದನ್ನ ನಾನ ಠರಾಯಿಸ್ತೀನಿ. ನೀವು ಗೇಟ್ ಹಾಕಿ ರೊಕ್ಕಾ ಕೇಳ್ರಿ, ಬೇಕಂದ್ರ ಕೊಡ್ತೀನಿ, ಇಲ್ಲಂದ್ರ ಹೊಳ್ಳಿ ಹೋಗ್ತೀನಿ.

ಅಂಗಳ ಸಂಪಾದಕ
ಗಿರ್ಮಿಟ್ ಅವರೇ, ಪೇಪರಿಗೆ ನೀವು ಬೆಳಗ್ಗೆ ದುಡ್ಡು ಕೊಟ್ಟಿರುತ್ತೀರಿ. ಗೇಟ್ ಹಾಕಿದರೆ ಕನ್ನಡದಲ್ಲಿ ಓದುವವರು ಗೇಟಿನವರೆಗೂ ಬರುವುದಿಲ್ಲ. ಆದರೆ ತಿರುಗಿ ನೋಡುತ್ತದೆ ಅನ್ನುವ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿದೆ.

ಕಟಕಟೆ
ಕಾನೂನಿನ ಭಾಗ ನಾನು ಹೇಳುತ್ತೇನೆ. ಬ್ಲಾಕರ್ ಇಟ್ಟುಕೊಳ್ಳಬಾರದು ಎನ್ನುವ ಕಾಯ್ದೆ ಭಾರತದಲ್ಲಿಲ್ಲ. ಯೂಟ್ಯೂಬಿನಂಥ ವೇದಿಕೆಯ ಷರತ್ತುಗಳನ್ನು ಮೀರಿದರೆ ಅದು ನಿಮಗೂ ಅವರಿಗೂ ನಡುವಿನ ಒಪ್ಪಂದದ ವಿಷಯ, ಅಪರಾಧವಲ್ಲ.

ಈ ಪ್ರಶ್ನೆ ಹೆಚ್ಚು ಕಾದಾಡಿದ್ದು ಜರ್ಮನಿಯಲ್ಲಿ. ಪ್ರಕಾಶನ ಸಂಸ್ಥೆ ಆ್ಯಕ್ಸೆಲ್ ಸ್ಪ್ರಿಂಗರ್, ಆ್ಯಡ್‌ಬ್ಲಾಕ್ ಪ್ಲಸ್ ನಡೆಸುವ ಐಯೋ ಕಂಪನಿಯ ಮೇಲೆ ದಾವೆ ಹೂಡಿತು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ, ಬ್ಲಾಕರ್ ಒದಗಿಸುವುದು ಅನ್ಯಾಯದ ಪೈಪೋಟಿ ಅಲ್ಲ, ಅದನ್ನು ಬಳಸುವ ತೀರ್ಮಾನ ಓದುಗನದು ಎಂದಿತು. ಆದರೆ ಅಲ್ಲಿಗೆ ಮುಗಿಯಲಿಲ್ಲ. ಪುಟದ ಕೋಡ್ ಕೂಡ ಕೃತಿಸ್ವಾಮ್ಯದ ಕೆಳಗೆ ಬರುತ್ತದೆ, ಬ್ರೌಸರ್ ಅದನ್ನು ಬದಲಿಸುವುದು ಕೃತಿ ತಿದ್ದಿದ ಹಾಗೆ ಎಂಬ ಹೊಸ ವಾದ ಹೂಡಿದರು. 2025ರ ಜುಲೈ 31ರಂದು ಅದೇ ನ್ಯಾಯಾಲಯ ಆ ಪ್ರಕರಣವನ್ನು ಮರುವಿಚಾರಣೆಗೆಂದು ಹ್ಯಾಂಬರ್ಗ್‌ಗೆ ವಾಪಸ್ ಕಳಿಸಿತು. ಆ ವಾದ ನಿಂತರೆ ಏಟು ಬೀಳುವುದು ಬ್ಲಾಕರಿಗೆ ಮಾತ್ರ ಅಲ್ಲ. ಅಕ್ಷರ ದೊಡ್ಡದು ಮಾಡುವ, ಬಣ್ಣ ಬದಲಿಸುವ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಲಕರಣೆಗಳೂ ಪುಟವನ್ನು ಬದಲಿಸಿಯೇ ತೋರಿಸುವುದು.

ನಮ್ಮಲ್ಲಿ ನೋಡಬೇಕಾದ್ದು ಬೇರೆ. 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ) ಕಾಯ್ದೆ ಮಕ್ಕಳನ್ನು ಹಿಂಬಾಲಿಸುವುದನ್ನೂ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಅದಕ್ಕೂ ಮುಂಚೆ, 2023ರ ನವೆಂಬರ್‌ನಲ್ಲೇ, ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಜನರನ್ನು ಯಾಮಾರಿಸುವ 13 ವಿನ್ಯಾಸಗಳ ಪಟ್ಟಿ ಹೊರಡಿಸಿತ್ತು. ಸುದ್ದಿಯ ವೇಷದಲ್ಲಿ ಬರುವ ಜಾಹೀರಾತು, ಬಿಡದೆ ಕಾಡುವುದು ಎರಡೂ ಅದರಲ್ಲಿವೆ. ಹಣ ಕಟ್ಟಿ ಆಡುವ ಆಟಗಳ ಜಾಹೀರಾತನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಕಾನೂನೇ ಬೇಡ ಅಂದ ಜಾಹೀರಾತನ್ನು ತಡೆದವನಿಗೆ ನೀತಿ ಹೇಳಲು ಯಾರಿಗೆ ಮುಖವಿದೆ?

ನೇತ್ರಾವತಿ ದಡ
ಎಲ್ಲರೂ ಆದಾಯ, ಹಕ್ಕು ಅಂತ ಮಾತಾಡ್ತಾ ಇದ್ದೀರಿ, ಮೋಸದ ವಿಷಯ ಯಾರೂ ಎತ್ತಲಿಲ್ಲ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ತಾಣಗಳಲ್ಲೇ ಜಾಹೀರಾತಿನ ಮೂಲಕ ದುಷ್ಟ ತಂತ್ರಾಂಶ ಹರಡಿತ್ತು. ಆ ತಾಣಗಳನ್ನು ಯಾರೂ ಒಡೆದಿರಲಿಲ್ಲ, ಅವರು ಬಾಡಿಗೆಗೆ ಕೊಟ್ಟ ಜಾಗದಲ್ಲಿ ಯಾರು ಬಂದು ಕೂತರು ಅಂತ ಅವರಿಗೇ ಗೊತ್ತಿರಲಿಲ್ಲ, ಅಷ್ಟೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ, ಹುಡುಕುವಾಗ ಬ್ಲಾಕರ್ ಬಳಸಿ ಅಂತಲೇ ಸಾರ್ವಜನಿಕರಿಗೆ ಸಲಹೆ ಕೊಟ್ಟಿತು. ಬ್ಯಾಂಕುಗಳ, ಕಂಪನಿಗಳ ಹೆಸರಿನ ನಕಲಿ ಜಾಹೀರಾತು ಹುಡುಕಾಟದ ತುದಿಯಲ್ಲೇ ಬರುತ್ತಿದ್ದವು.

ನಮ್ಮಲ್ಲಿ ಇದರ ರೂಪ ನಕಲಿ ಕಸ್ಟಮರ್ ಕೇರ್ ನಂಬರ್. ಮನೆಯ ಹಿರಿಯರು ಗ್ಯಾಸ್ ಏಜೆನ್ಸಿಯದ್ದೋ ಕೊರಿಯರಿನದ್ದೋ ನಂಬರ್ ಹುಡುಕುತ್ತಾರೆ, ಮೇಲೆ "ಪ್ರಾಯೋಜಿತ" ಅಂತ ಸಣ್ಣಕ್ಷರದಲ್ಲಿ ಬಂದದ್ದನ್ನು ಒತ್ತುತ್ತಾರೆ. ಆಚೆಯವ ಯಾವುದೋ ಆ್ಯಪ್ ಹಾಕಿಸಿ ಪರದೆ ಹಂಚಿಸಿಕೊಳ್ಳುತ್ತಾನೆ. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು, ತಡ ಆದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಪಿಡಿಎಫ್ ಇಳಿಸಿಕೊಳ್ಳುವ ತಾಣಗಳಲ್ಲಿ ಹಸಿರು "ಡೌನ್‌ಲೋಡ್" ಬಟನ್ ಮೂರು ನಾಲ್ಕು ಇರುತ್ತವಲ್ಲ, ಅದರಲ್ಲಿ ನಿಜವಾದ್ದು ಒಂದೇ. ಹಿರಿಯರ ಫೋನಿನಲ್ಲಿ ಬ್ಲಾಕರ್ ಹಾಕಿಕೊಡುವುದಕ್ಕೆ ನೀತಿಯ ಪ್ರಶ್ನೆಯೇ ಬರುವುದಿಲ್ಲ.

ತಂತಿಮನೆ
ನೇತ್ರಾವತಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುವೆ. 2015ರಲ್ಲಿ ಬೆಂಗಳೂರಿನ ಒಬ್ಬ ಪ್ರೋಗ್ರಾಮರ್, ಏರ್‌ಟೆಲ್ 3ಜಿ ಸಂಪರ್ಕದಲ್ಲಿ ತಾವು ತೆರೆದ ಪುಟಕ್ಕೆ ಮಧ್ಯದಲ್ಲಿ ಯಾರೋ ಜಾವಾಸ್ಕ್ರಿಪ್ಟ್ ತುರುಕುತ್ತಿದ್ದಾರೆ ಎಂದು ಬಯಲಿಗೆಳೆದರು. ಆ ಕೋಡ್ ಹಿಂದಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿ ಅವರಿಗೇ ನೋಟಿಸ್ ಕಳಿಸಿತು. ಪುಟ ಬರೆದವರಿಗೂ ಓದಿದವರಿಗೂ ತಿಳಿಯದ ಹಾಗೆ ಮಧ್ಯದಲ್ಲಿ ಕೋಡ್ ಸೇರಿಸಬಹುದಾಗಿದ್ದ ಕಾಲ ಅದು. ತಾಣಕ್ಕೂ ಬ್ರೌಸರಿಗೂ ನಡುವಿನ ಮಾತನ್ನು ಗೂಢಲಿಪಿಯಲ್ಲಿಡುವ ಎಚ್‌ಟಿಟಿಪಿಎಸ್ ಬಂದ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಈಗ ಒರತೆಯವರ ಮೂರನೇ ಪ್ರಶ್ನೆ. ಜಾಹೀರಾತು ಬರಲಿ, ಹಿಂಬಾಲಿಕೆ ಬೇಡ. ಕಂಪ್ಯೂಟರಿನಲ್ಲಿ ಎರಡು ದಾರಿ.

ಒಂದು, ತಾಣ ತಾಣಕ್ಕೆ ಬಿಡುವುದು. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಇರಲಿ. ಬೆಂಬಲಿಸಬೇಕಾದ ತಾಣಕ್ಕೆ ಹೋಗಿ ಚಿಹ್ನೆ ಒತ್ತಿ, ದೊಡ್ಡ ಪವರ್ ಬಟನ್ ಆಫ್ ಮಾಡಿ, ಪುಟ ರಿಫ್ರೆಶ್ ಮಾಡಿ. ಕಂಟ್ರೋಲ್ ಕೀ ಹಿಡಿದು ಒತ್ತಿದರೆ ಆ ಒಂದು ಪುಟಕ್ಕೆ ಮಾತ್ರ ಆರುತ್ತದೆ. ಆಗಲೂ ಫೈರ್‌ಫಾಕ್ಸಿನ ಸ್ವಂತ ರಕ್ಷಣೆ ಹಿಂದೆ ಓಡುತ್ತಿರುತ್ತದೆ: 2022ರಿಂದ ಪ್ರತಿ ತಾಣದ ಕುಕೀಗಳನ್ನು ಅದು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ, ಹಾಗಾಗಿ ಇಲ್ಲಿನ ಗುರುತು ಅಲ್ಲಿಗೆ ದಾಟುವುದಿಲ್ಲ. ಈ ರಕ್ಷಣೆ "ಸ್ಟ್ಯಾಂಡರ್ಡ್" ಮಟ್ಟದಲ್ಲಿರಬೇಕು. "ಸ್ಟ್ರಿಕ್ಟ್" ಇಟ್ಟರೆ ಹಿಂಬಾಲಿಸುವ ಸ್ಕ್ರಿಪ್ಟ್ ಜತೆ ಜಾಹೀರಾತೂ ಹೋಗುತ್ತದೆ, ಪ್ರೈವೇಟ್ ವಿಂಡೋದಲ್ಲಿ ಸ್ಟ್ಯಾಂಡರ್ಡ್ ಇದ್ದರೂ ಹೀಗೇ. ಬಹಳ ಜನ ಬಟನ್ ಆರಿಸಿ "ಬೆಂಬಲಿಸಿದೆ" ಅಂದುಕೊಳ್ಳುತ್ತಾರೆ, ಸಂಪಾದಕರ ಲೆಕ್ಕದಲ್ಲಿ ಒಂದು ಪೈಸೆಯೂ ಬಂದಿರುವುದಿಲ್ಲ. ಇನ್ನೊಂದು ಎಚ್ಚರಿಕೆ: ಪವರ್ ಬಟನ್ ಆರಿಸಿದರೆ ಆ ತಾಣದ ಮಟ್ಟಿಗೆ ಮೋಸದ ವಿಳಾಸಗಳ ಪಟ್ಟಿಯೂ ಕೆಲಸ ಮಾಡುವುದಿಲ್ಲ.

ಎರಡು, ಪಟ್ಟಿಗಳನ್ನೇ ಬದಲಿಸುವುದು. ಯುಬ್ಲಾಕ್ ಸೆಟ್ಟಿಂಗ್ಸ್ ಒಳಗೆ ಫಿಲ್ಟರ್ ಲಿಸ್ಟ್ (ಏನು ತಡೆಯಬೇಕೆಂಬ ನಿಯಮಗಳ ಪಟ್ಟಿಗಳು) ಪುಟ ತೆರೆಯಿರಿ. ಈಸಿಲಿಸ್ಟ್, ಯುಬ್ಲಾಕ್‌ನ ಸ್ವಂತ ಜಾಹೀರಾತು ಪಟ್ಟಿ, ಪೀಟರ್ ಲೋ ಪಟ್ಟಿ ಮೂರಕ್ಕೂ ಟಿಕ್ ತೆಗೆಯಿರಿ. ಹಿಂಬಾಲಿಕೆ ತಡೆಯುವ ಈಸಿಪ್ರೈವಸಿ, ಬ್ಯಾಡ್‌ವೇರ್, ದುಷ್ಟ ವಿಳಾಸಗಳ ಪಟ್ಟಿ ಇರಲಿ. ಅಪ್ಲೈ ಒತ್ತಿ. ಪೀಟರ್ ಲೋ ಪಟ್ಟಿಯನ್ನು ಮರೆಯುವವರೇ ಹೆಚ್ಚು. ಅದರಲ್ಲಿ ಡಬಲ್‌ಕ್ಲಿಕ್‌ನಂಥ ದೊಡ್ಡ ಜಾಹೀರಾತು ಸರ್ವರುಗಳೇ ಇರುವುದರಿಂದ, ಅದನ್ನು ಬಿಟ್ಟರೆ ಏನೂ ಬದಲಾದಂತೆ ಕಾಣುವುದಿಲ್ಲ. ಈ ದಾರಿಯ ದೋಷ ಏನೆಂದರೆ ಒಳ್ಳೆಯ ತಾಣ, ಕೆಟ್ಟ ತಾಣ ಎರಡಕ್ಕೂ ಒಟ್ಟಿಗೇ ಬಾಗಿಲು ತೆರೆದಂತಾಗುತ್ತದೆ. ನಾನು ಮೊದಲನೆಯ ದಾರಿಯನ್ನೇ ಹೇಳುವುದು.

ಅಂದ ಹಾಗೆ, ಕನ್ನಡ ತಾಣಗಳ ಕಸ ಸರಿಯಾಗಿ ಹೋಗಬೇಕಾದರೆ ಅದೇ ಪುಟದ ಕೆಳಗೆ ಪ್ರದೇಶವಾರು ಪಟ್ಟಿಗಳಲ್ಲಿ ಇಂಡಿಯನ್‌ಲಿಸ್ಟ್ ಇದೆ, ಅದಕ್ಕೆ ಟಿಕ್ ಹಾಕಿ. ಬ್ರೌಸರ್ ಭಾಷೆ ನೋಡಿ ಯುಬ್ಲಾಕ್ ತಾನೇ ಆರಿಸಿಕೊಳ್ಳುತ್ತದೆ. ನಮ್ಮಲ್ಲಿ ಬಹುತೇಕರ ಬ್ರೌಸರ್ ಇಂಗ್ಲಿಷಿನಲ್ಲಿರುವುದರಿಂದ ಅದು ಟಿಕ್ ಆಗಿರುವುದೇ ಇಲ್ಲ.

ಒರತೆ
ಕ್ರೋಮ್ ಬಳಸುವವರಿಗೆ?

ತಂತಿಮನೆ
ಹಳೆಯ ಯುಬ್ಲಾಕ್ ಒರಿಜಿನ್ ಕ್ರೋಮಿನಲ್ಲಿ ಇನ್ನಿಲ್ಲ. ಮ್ಯಾನಿಫೆಸ್ಟ್ 2 ಎಂಬ ಹಳೆಯ ಮಾದರಿಯ ವಿಸ್ತರಣೆಗಳನ್ನು ಗೂಗಲ್ 2024ರ ಜೂನ್‌ನಿಂದ ಕಳಚತೊಡಗಿ 2025ರಲ್ಲಿ ಪೂರ್ತಿ ನಿಲ್ಲಿಸಿತು. ಮೊದಲು ವಿಸ್ತರಣೆಯೇ ಪ್ರತಿ ಕೋರಿಕೆಯನ್ನು ನೋಡಿ ತೀರ್ಮಾನಿಸುತ್ತಿತ್ತು. ಈಗ ನಿಯಮಗಳನ್ನು ಮುಂಚಿತವಾಗಿ ಬ್ರೌಸರಿಗೆ ಒಪ್ಪಿಸಬೇಕು, ಅದಕ್ಕೂ ಮಿತಿ ಇದೆ: ಪ್ರತಿ ವಿಸ್ತರಣೆಗೆ ಖಾತರಿ 30,000 ನಿಯಮ, ಅದಕ್ಕಿಂತ ಹೆಚ್ಚಿಗೆ ಬೇಕಾದರೆ ಎಲ್ಲ ವಿಸ್ತರಣೆಗಳೂ ಹಂಚಿಕೊಳ್ಳುವ ಕೊಳದಿಂದ ತೆಗೆದುಕೊಳ್ಳಬೇಕು. ಯುಬ್ಲಾಕ್ ಒರಿಜಿನ್ ಲೈಟ್ ಈ ಮಿತಿಯೊಳಗೆ ಕೆಲಸ ಮಾಡುತ್ತದೆ. ದಿನನಿತ್ಯದ ಓದಿಗೆ ಸಾಕು. ಬೆಂಬಲಿಸುವ ತಾಣದಲ್ಲಿ ಅದರ ಸ್ಲೈಡರನ್ನು "ಫಿಲ್ಟರ್ ಇಲ್ಲ" ಎಂಬಲ್ಲಿಗೆ ಎಳೆಯಿರಿ.

ಗಿರ್ಮಿಟ್
ಇಷ್ಟೆಲ್ಲ ಯಾಕ್ರೀ, ಫೋನ್‌ನಾಗ ಪ್ರೈವೇಟ್ ಡಿಎನ್‌ಎಸ್ ಹಾಕಿದ್ರ ಮುಗೀತು. ಆ್ಯಪ್‌ನಾಗಿಂದೂ ಹೋಗತೈತಿ.

ತಂತಿಮನೆ
ಹೋಗುತ್ತದೆ, ಆದರೆ ಆಯ್ಕೆಯ ಹಕ್ಕೂ ಜತೆಗೆ ಹೋಗುತ್ತದೆ. ಡಿಎನ್‌ಎಸ್ ಅಂದರೆ ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ. ಆಂಡ್ರಾಯ್ಡ್ 9ರಿಂದ ಈಚೆ ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರೈವೇಟ್ ಡಿಎನ್‌ಎಸ್ ಒಳಗೆ ಜಾಹೀರಾತು ತಡೆಯುವ ಡಿಎನ್‌ಎಸ್ ಸೇವೆ ಆಡ್‌ಗಾರ್ಡ್‌ನ ಹೋಸ್ಟ್ (ಸರ್ವರ್) ಹೆಸರು ಬರೆದರೆ ಸಾಕು. ಕೆಲವರು ಅಲ್ಲಿ ಅದರ ಐಪಿ ಅಂಕಿ 94.140.14.14 ಹಾಕಿ "ಸೇವ್ ಆಗುತ್ತಿಲ್ಲ" ಅನ್ನುತ್ತಾರೆ. ಆ ಜಾಗಕ್ಕೆ ಹೆಸರೇ ಬೇಕು, ಅಂಕಿ ರೌಟರಿನಲ್ಲಿ ಹಾಕಲು.

ಡಿಎನ್‌ಎಸ್‌ಗೆ ತಿಳಿಯುವುದು "ಈ ಜಾಹೀರಾತು ಸರ್ವರಿನ ವಿಳಾಸ ಬೇಕಂತೆ" ಅನ್ನುವುದಷ್ಟೇ. ಕೇಳಿದ್ದು ಸಂಪಾದಕರ ಪುಟವೋ, ಜೂಜಿನ ಆ್ಯಪ್ಪೋ ಅದಕ್ಕೆ ಗೊತ್ತಿಲ್ಲ. ಬಿಟ್ಟರೆ ಎಲ್ಲರಿಗೂ ಬಿಡಬೇಕು, ತಡೆದರೆ ಎಲ್ಲರಿಗೂ. ಹಾಗಾಗಿ ತಾಣ ನೋಡಿ ಬೆಂಬಲಿಸುತ್ತೇನೆ ಅನ್ನುವವರಿಗೆ ಇದು ಸರಿಯಾದ ಸಲಕರಣೆ ಅಲ್ಲ. ಆಂಡ್ರಾಯ್ಡ್ ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಇದೆ, ಐಫೋನಿನ ಸಫಾರಿಗೆ ಲೈಟ್ ಬಂದಿದೆ, ಓದಲು ಅದನ್ನು ಬಳಸಿ.

ಕೆಡುವುದು ಎಲ್ಲಿ ಅಂದರೆ: ರೈಲ್ವೆ ನಿಲ್ದಾಣದ ವೈಫೈ ಲಾಗಿನ್ ಪುಟ ತೆರೆಯದೇ ಹೋಗಬಹುದು, ಒಳಗೆ ಸೇರುವವರೆಗೆ ಪ್ರೈವೇಟ್ ಡಿಎನ್‌ಎಸ್ ಅನ್ನು ಆಟೊಮ್ಯಾಟಿಕ್‌ಗೆ ಇಡಿ. ಹುಡುಕಾಟದ ಪ್ರಾಯೋಜಿತ ಕೊಂಡಿ ಒತ್ತಿದರೆ ಖಾಲಿ ಪುಟ ಬರುತ್ತದೆ, ಮೇಲೆ ಹೇಳಿದ ಕಾರಣಕ್ಕೆ ಅದು ಒಳ್ಳೆಯದೇ. ಯೂಟ್ಯೂಬ್ ಜಾಹೀರಾತು ಮಾತ್ರ ಹೋಗುವುದಿಲ್ಲ, ವಿಡಿಯೋ ಬರುವ ಸರ್ವರುಗಳಿಂದಲೇ ಜಾಹೀರಾತೂ ಬರುತ್ತದೆ.

ನೇತ್ರಾವತಿ ದಡ
ಯೂಟ್ಯೂಬ್ ಮಾತು ಬಂತಲ್ಲ, ಅಲ್ಲಿನ ಲೆಕ್ಕ ಸ್ವಲ್ಪ ಸ್ಪಷ್ಟ. ದೊಡ್ಡ ವಿಡಿಯೋಗಳ ಜಾಹೀರಾತಿನಲ್ಲಿ ಮಾಡಿದವರಿಗೆ 55 ಪಾಲು, ಶಾರ್ಟ್ಸ್‌ನಲ್ಲಿ 45. ಪ್ರೀಮಿಯಂ ಕಟ್ಟಿದವರ ಹಣವೂ ನೋಡಿದ ಹೊತ್ತಿಗೆ ತಕ್ಕಂತೆ ಹಂಚಿಕೆಯಾಗುತ್ತದೆ. ಭಾರತದಲ್ಲಿ ಪ್ರೀಮಿಯಂ 2024ರ ಆಗಸ್ಟ್‌ನಿಂದ ತಿಂಗಳಿಗೆ 149 ರೂಪಾಯಿ. ಕಟ್ಟಲು ಆಗುವವರು ಕಟ್ಟಿದರೆ ಜಗಳವೇ ಇಲ್ಲ.

ನನಗೆ ಕುತೂಹಲ ಇರುವುದು ಸ್ಪಾನ್ಸರ್‌ಬ್ಲಾಕ್ ಬಗ್ಗೆ. ವಿಡಿಯೋ ಮಧ್ಯದಲ್ಲಿ ಅವರೇ "ಈ ವಿಡಿಯೋದ ಪ್ರಾಯೋಜಕರು" ಅಂತ ಹೇಳುವ ಭಾಗವನ್ನು ಅದು ಹಾರಿಸುತ್ತದೆ. ಅಲ್ಲಿ ಹಿಂಬಾಲಿಕೆ ಇಲ್ಲ, ಹರಾಜಿಲ್ಲ, ವೈರಸ್ಸಿಲ್ಲ. ಹಣ ಸಾಮಾನ್ಯವಾಗಿ ಮೊದಲೇ ಮಾತಾಗಿರುತ್ತದೆ. ಅದನ್ನೂ ಹಾರಿಸುವವರು "ಹಿಂಬಾಲಿಕೆಗೆ ವಿರೋಧ" ಅಂದರೆ ನಾನು ನಂಬುವುದಿಲ್ಲ ಮಾರಾಯ್ರೆ. ನಿಮಗೆ ಜಾಹೀರಾತೇ ಬೇಡ, ಹಾಗಂತ ನೇರ ಹೇಳಿ.

ಗಿರ್ಮಿಟ್
ನೇರ ಹೇಳ್ತೀನಿ ಅಕ್ಕಾರ, ಬ್ಯಾಡ.

ಕಟಕಟೆ
ಆ್ಯಡ್‌ಬ್ಲಾಕ್ ಪ್ಲಸ್‌ನ "ಒಪ್ಪಬಹುದಾದ ಜಾಹೀರಾತು" ಯೋಜನೆಯನ್ನು ಯಾರೂ ಪ್ರಸ್ತಾಪಿಸಲಿಲ್ಲ. 2011ರಿಂದ ಇದೆ. ಮೊದಲ ಪರದೆಯಲ್ಲಿ ಜಾಹೀರಾತು 15 ಪಾಲು ಮೀರಬಾರದು, ಕೆಳಗೆ 25 ಪಾಲು, ಓಡಾಡುವ ಚಿತ್ರ ಇರಬಾರದು, ಜಾಹೀರಾತು ಎಂದು ಬರೆದಿರಬೇಕು. ನಿಯಮ ಚೆನ್ನಾಗಿದೆ. ಆದರೆ ತಿಂಗಳಿಗೆ ಒಂದು ಕೋಟಿಗಿಂತ ಹೆಚ್ಚು ಜಾಹೀರಾತು ನೋಟ ಇದರಿಂದ ಗಳಿಸುವ ದೊಡ್ಡವರು, ಹೆಚ್ಚುವರಿ ಆದಾಯದ ಸುಮಾರು 30 ಪಾಲನ್ನು ಕೊಡಬೇಕು. ಬಾಗಿಲು ಹಾಕಿದವರೇ ಬಾಗಿಲು ತೆರೆಯಲು ಹಣ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಯುಬ್ಲಾಕ್ ಒರಿಜಿನ್ ಮಾಡಿದ ರೇಮಂಡ್ ಹಿಲ್ ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ, ಅಲ್ಲಿ ಈ ಅನುಮಾನಕ್ಕೆ ಜಾಗವೇ ಇಲ್ಲ.

ಅಂಗಳ ಸಂಪಾದಕ
ಓದುಗರು ಬಟನ್ ಆರಿಸಬೇಕಾದರೆ ನಾವೂ ಆ ಯೋಗ್ಯತೆ ಉಳಿಸಿಕೊಳ್ಳಬೇಕು. ಸಣ್ಣ ತಾಣ ನಡೆಸುವವರಿಗೆ ಕೆಲಸಕ್ಕೆ ಬರುವಂಥದ್ದು ಬರೆಯುತ್ತೇನೆ.

ಆ್ಯಡ್‌ಸೆನ್ಸ್‌ನಲ್ಲಿ "ಆಟೊ ಆ್ಯಡ್ಸ್" ಹಾಗೇ ಬಿಟ್ಟರೆ ಪ್ಯಾರಾಕ್ಕೊಂದು ಜಾಹೀರಾತು ಬಂದು ಕೂರುತ್ತದೆ. ಸಂಖ್ಯೆಯ ಸ್ಲೈಡರ್ ಇಳಿಸಿ. ಪರದೆ ತುಂಬುವ, ತಳಕ್ಕೆ ಅಂಟುವ ಬಗೆಗಳನ್ನು ಆಫ್ ಮಾಡಿ. ಇನ್ನೂ ಮೇಲೆಂದರೆ ಆಟೊ ನಿಲ್ಲಿಸಿ ಎರಡು ಜಾಗ ಕೈಯಾರೆ ಇಡಿ, ಎರಡಕ್ಕೂ ಎತ್ತರ ಮುಂಚೆಯೇ ಗೊತ್ತುಮಾಡಿ. ಇಲ್ಲದಿದ್ದರೆ ತಡವಾಗಿ ಬಂದ ಜಾಹೀರಾತು ಬರಹವನ್ನು ಕೆಳಗೆ ತಳ್ಳುತ್ತದೆ, ಓದುಗರ ಬೆರಳು ಹೋಗಿ ಅದರ ಮೇಲೆ ಬೀಳುತ್ತದೆ. ಆ ಕ್ಲಿಕ್ಕೂ ಅಮಾನ್ಯವೇ. ಬ್ಲಾಕಿಂಗ್ ಕಂಟ್ರೋಲ್ಸ್ ಒಳಗೆ ಸೂಕ್ಷ್ಮ ವರ್ಗಗಳಿವೆ: ದಿಢೀರ್ ಶ್ರೀಮಂತಿಕೆ, ಡೇಟಿಂಗ್, ತೂಕ ಇಳಿಸುವುದು ಇತ್ಯಾದಿ. ಅವನ್ನು ತಡೆಯಿರಿ. ಆದಾಯ ಸ್ವಲ್ಪ ಇಳಿಯುತ್ತದೆ. ಆದರೆ ಮಕ್ಕಳ ಕಥೆಯ ಪಕ್ಕ ಅದು ಬಂದರೆ ಓದುಗರು ಬೈಯುವುದು ನಿಮ್ಮನ್ನು, ಗೂಗಲನ್ನಲ್ಲ. ವೈಯಕ್ತಿಕ ಗುರಿಯಿಲ್ಲದ ಜಾಹೀರಾತು ಕೇಳುವ ಆಯ್ಕೆಯೂ ಇದೆ, ದರ ಕಡಿಮೆ.

ಊರಿನ ಪುಸ್ತಕದಂಗಡಿ, ಖಾನಾವಳಿಯವರ ಹತ್ತಿರ ನೇರ ಜಾಹೀರಾತು ತೆಗೆದುಕೊಂಡು ನಿಮ್ಮದೇ ಸರ್ವರಿನಲ್ಲಿ ಚಿತ್ರವಾಗಿ ಇಡುವುದು ನನ್ನ ಮೆಚ್ಚಿನ ದಾರಿ. ಸ್ಕ್ರಿಪ್ಟ್ ಇಲ್ಲ, ಕುಕೀ ಇಲ್ಲ, ದಲ್ಲಾಳಿ ಇಲ್ಲ. ಆದರೆ ಚಿತ್ರವನ್ನು "ಆ್ಯಡ್ಸ್" ಹೆಸರಿನ ಫೋಲ್ಡರಿನಲ್ಲಿಟ್ಟರೆ, ಅಥವಾ ಹೆಸರಿನಲ್ಲಿ ಬ್ಯಾನರ್ ಎಂದೂ 728 ಗುಣಿಸು 90 ಎಂಬ ಅಳತೆಯನ್ನೂ ಬರೆದರೆ ಈಸಿಲಿಸ್ಟಿನ ಸಾಮಾನ್ಯ ನಿಯಮಕ್ಕೆ ಸಿಕ್ಕಿಬಿದ್ದು ಮಾಯವಾಗಬಹುದು. ಅಂಗಡಿಯವರು ಫೋನ್ ಮಾಡಿ "ನಮ್ಮದು ಕಾಣುತ್ತಲೇ ಇಲ್ಲ" ಅಂದಾಗ ಮೊದಲು ನೋಡಬೇಕಾದ್ದು ಇದು. ಕೊಂಡಿಗೆ "ಸ್ಪಾನ್ಸರ್ಡ್" ಗುರುತು ಹಾಕಿ, ಮೇಲೆ "ಜಾಹೀರಾತು" ಎಂದು ಕನ್ನಡದಲ್ಲಿ ಬರೆಯಿರಿ.

ತಂತಿಮನೆ
ಹೆಸರು ಬದಲಿಸಿ ಬ್ಲಾಕರಿನಿಂದ ತಪ್ಪಿಸಿಕೊಳ್ಳುವುದು ಸರಿಯೇ ಅನ್ನುವ ಪ್ರಶ್ನೆ ಬರುತ್ತದೆ. ಹಿಂಬಾಲಿಸುವ ಸ್ಕ್ರಿಪ್ಟಿಗೆ ಸುಳ್ಳು ಹೆಸರು ಕೊಟ್ಟರೆ ಅದು ಕಳ್ಳಬಾಗಿಲು. ಜಾಹೀರಾತು ಎಂದು ಬರೆದಿರುವ ಬರೀ ಚಿತ್ರಕ್ಕೆ ಬೇರೆ ಹೆಸರಿಟ್ಟರೆ ನನ್ನ ವಿರೋಧವಿಲ್ಲ. ಆಮೇಲೂ ಯಾರಾದರೂ ಅದನ್ನು ಕೈಯಾರೆ ತೆಗೆದರೆ ಬಿಟ್ಟುಬಿಡಿ, ಬೆನ್ನಟ್ಟಬೇಡಿ.

"ಬ್ಲಾಕರ್ ತೆಗೆಯುವವರೆಗೆ ಓದಲು ಬಿಡುವುದಿಲ್ಲ" ಎಂಬ ಗೋಡೆಯನ್ನಂತೂ ಕಟ್ಟಬೇಡಿ. ಆ ಗೋಡೆಯೂ ಒಂದು ಸ್ಕ್ರಿಪ್ಟ್, ಪಟ್ಟಿ ನಡೆಸುವವರು ಬೇಗನೇ ಅದಕ್ಕೂ ನಿಯಮ ಬರೆಯುತ್ತಾರೆ. ಆಮೇಲೆ ನೀವು ಬದಲಿಸಬೇಕು, ಅವರು ಬದಲಿಸಬೇಕು. ಇದರ ನಡುವೆ ಬ್ಲಾಕರ್ ಇಲ್ಲದವರಿಗೂ ಪುಟ ಒಡೆಯುತ್ತದೆ.

ಒರತೆ
ಹಾಗಾದರೆ ನೇರ ಹಣ ಕೊಡುವುದೇ ಉತ್ತಮವೇ? ಸಂಪಾದಕರ ಲೆಕ್ಕದ ಪ್ರಕಾರ ತಿಂಗಳಿಗೆ 50 ಪುಟ ಓದುವವರಿಂದ ಅವರಿಗೆ ಬರುವುದು 2 ರೂಪಾಯಿ. ವರ್ಷಕ್ಕೆ 24.

ಅಂಗಳ ಸಂಪಾದಕ
ಅದೇ ಮಾತು. ಒಮ್ಮೆ 100 ರೂಪಾಯಿ ಯುಪಿಐ ಮಾಡಿದರೆ ನಾಲ್ಕು ವರ್ಷದ ಜಾಹೀರಾತಿಗೆ ಸಮ, ಆಮೇಲೆ ಬ್ಲಾಕರ್ ಹಾಕಿಕೊಂಡೇ ಓದಿ. 2020ರಿಂದ ಯುಪಿಐ ಪಾವತಿಗೆ ವ್ಯಾಪಾರಿ ಶುಲ್ಕ ಇಲ್ಲ, ಹತ್ತು ರೂಪಾಯಿ ಕಳಿಸಿದರೂ ಹತ್ತೇ ಬರುತ್ತದೆ. ತಿಂಗಳ ಚಂದಾಕ್ಕೆ ಆಟೊಪೇ ಇದೆ, ಕಡಿತಕ್ಕೆ 24 ಗಂಟೆ ಮುಂಚೆ ತಿಳಿಸುತ್ತಾರೆ, ಬೇಡವಾದರೆ ನಿಮ್ಮ ಆ್ಯಪಿನಲ್ಲೇ ರದ್ದು ಮಾಡಬಹುದು. ತಾಣದವರು ಕ್ಯುಆರ್ ಕೋಡನ್ನು "ನಮ್ಮ ಬಗ್ಗೆ" ಪುಟದಲ್ಲಿ ಹೂತಿಡಬೇಡಿ, ಲೇಖನದ ಕೊನೆಗೆ ಹಾಕಿ. ಫೋನಿನಲ್ಲೇ ಓದುವವರು ತಮ್ಮದೇ ಪರದೆಯ ಕ್ಯುಆರ್ ಅನ್ನು ಸ್ಕ್ಯಾನ್ ಮಾಡುವುದು ಹೇಗೆ? ಪಕ್ಕದಲ್ಲಿ ಒತ್ತುವ ಕೊಂಡಿಯೂ ಇರಲಿ.

ಕಪ್ಪುಹಲಗೆ
ತಡವಾಗಿ ಬಂದೆ. ನನ್ನ ಪ್ರಶ್ನೆ ಬೇರೆ. ಶಾಲೆ ಅಥವಾ ಗ್ರಂಥಾಲಯದಲ್ಲಿ ಹತ್ತು ಕಂಪ್ಯೂಟರ್ ಇವೆ ಅನ್ನಿ. ಎಲ್ಲರ ಪರವಾಗಿ ಪೈ-ಹೋಲ್ (ಇಡೀ ಜಾಲಕ್ಕೆ ಡಿಎನ್‌ಎಸ್ ಮಟ್ಟದಲ್ಲಿ ಜಾಹೀರಾತು ತಡೆಯುವ ತಂತ್ರಾಂಶ) ಹಾಕಬಹುದೇ? ಮಕ್ಕಳಿಗೆ ಜಾಹೀರಾತು ಬೇಡ ಅನ್ನುವುದು ಸರಿ, ಆದರೆ ಉಳಿದ ಓದುಗರ ತೀರ್ಮಾನವನ್ನೂ ನಾವೇ ಮಾಡಿದಂತೆ ಆಗುವುದಿಲ್ಲವೇ?

ತಂತಿಮನೆ
ಹಾಕಬಹುದು ಸರ್. ಹಾಕಿರುವುದನ್ನು ಗೋಡೆಯ ಮೇಲೆ ಬರೆದು ಅಂಟಿಸಿ, ಯಾವುದಾದರೂ ಪುಟ ತೆರೆಯದಿದ್ದರೆ ಯಾರನ್ನು ಕೇಳಬೇಕು ಅನ್ನುವುದೂ ಅದರಲ್ಲಿರಲಿ. ಬೇಡ ಅನ್ನುವವರಿಗೆ ಒಂದೆರಡು ಕಂಪ್ಯೂಟರನ್ನು ಪೈ-ಹೋಲ್‌ನಲ್ಲೇ ಬೇರೆ ಗುಂಪು ಮಾಡಿ, ಆ ಗುಂಪಿಗೆ ಪಟ್ಟಿ ಹಚ್ಚದೆ ಬಿಡಬಹುದು.

ಪೈ-ಹೋಲ್ ಓಡುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೆ ಬದಲಾಗದ ಐಪಿ ಕೊಟ್ಟು, ರೌಟರಿನ ಡಿಎಚ್‌ಸಿಪಿಯಲ್ಲಿ (ಕಂಪ್ಯೂಟರುಗಳಿಗೆ ಐಪಿ ಹಂಚುವ ಭಾಗ) ಡಿಎನ್‌ಎಸ್ ಎಂದು ಅದನ್ನೊಂದನ್ನೇ ಬರೆಯಿರಿ. ಎರಡನೇ ಡಿಎನ್‌ಎಸ್ ಜಾಗಕ್ಕೆ ಗೂಗಲ್‌ನ 8.8.8.8 ಹಾಕುವುದು ಎಲ್ಲರೂ ಮಾಡುವ ತಪ್ಪು. ಮೊದಲನೆಯದು ಕೆಟ್ಟಾಗ ಮಾತ್ರ ಎರಡನೆಯದು ಅಂತ ನಿಯಮವೇನಿಲ್ಲ, ಕಂಪ್ಯೂಟರ್ ಎರಡನ್ನೂ ಕೇಳಬಹುದು, ಆಗ ಜಾಹೀರಾತು ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ರೌಟರ್ ಡಿಎನ್‌ಎಸ್ ಬದಲಿಸಲು ಬಿಡದಿದ್ದರೆ ಅದರ ಡಿಎಚ್‌ಸಿಪಿ ನಿಲ್ಲಿಸಿ ಪೈ-ಹೋಲ್‌ನದ್ದನ್ನು ಶುರುಮಾಡಿ. ಐಪಿವಿ6ನಲ್ಲಿ (ಹೊಸ ಬಗೆಯ ಐಪಿ ವಿಳಾಸ) ರೌಟರ್ ತನ್ನದೇ ಡಿಎನ್‌ಎಸ್ ಹಂಚುತ್ತಿದೆಯೇ ಎಂದೂ ನೋಡಿ, ಸೋರುವುದು ಹೆಚ್ಚಾಗಿ ಅಲ್ಲೇ. ಬ್ರೌಸರಿನಲ್ಲಿ "ಸೆಕ್ಯೂರ್ ಡಿಎನ್‌ಎಸ್" ಬೇರೆ ಸೇವೆಗೆ ಹೋಗುವಂತಿದ್ದರೆ ಪೈ-ಹೋಲ್‌ಗೆ ಸುದ್ದಿಯೇ ಬರುವುದಿಲ್ಲ.

ಕಟಕಟೆ
ಒಂದು ಮುಖ್ಯ ವಿಷಯ ಬಿಟ್ಟುಹೋಯಿತು. ಪೈ-ಹೋಲ್ ಹಾಕಿದ ಕೂಡಲೇ ಯಾವ ಕಂಪ್ಯೂಟರಿನಿಂದ ಯಾವ ತಾಣ, ಎಷ್ಟು ಹೊತ್ತಿಗೆ, ಎಲ್ಲವೂ ಅದರ ಲಾಗ್‌ನಲ್ಲಿ ಬೀಳುತ್ತದೆ. ಹಿಂಬಾಲಿಕೆ ತಪ್ಪಿಸಲು ಹೋಗಿ ಗ್ರಂಥಪಾಲಕರೇ ಹಿಂಬಾಲಿಸಿದಂತಾದೀತು.

ತಂತಿಮನೆ
ಸರಿಯಾಗಿ ಹೇಳಿದಿರಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಮಟ್ಟ 0ಯಿಂದ 3ರವರೆಗೆ ಇದೆ, ಮೊದಲಿಗೆ 0 ಇರುತ್ತದೆ. 1 ಇಟ್ಟರೆ ತಾಣಗಳ ಹೆಸರು ಮರೆಯಾಗುತ್ತದೆ, 2ರಲ್ಲಿ ಕಂಪ್ಯೂಟರಿನ ಗುರುತೂ, 3ರಲ್ಲಿ ಬರೀ ಒಟ್ಟು ಸಂಖ್ಯೆ ಉಳಿಯುತ್ತದೆ. ಸಾರ್ವಜನಿಕ ಜಾಗಕ್ಕೆ 3 ಇಡಿ. ಹೊಸದಾಗಿ ಹಾಕಿದ ಮೊದಲ ವಾರ ಯಾವ ಪುಟ ಒಡೆಯುತ್ತಿದೆ ಎಂದು ಹುಡುಕಲು ಲಾಗ್ ಬೇಕಾಗುತ್ತದೆ. ಆ ವಾರ ನಿಮ್ಮ ಸ್ವಂತ ಕಂಪ್ಯೂಟರಿನಿಂದ ಪರೀಕ್ಷಿಸಿ, ಹಳೆಯ ಲಾಗ್ ಅಳಿಸಿ, 3ಕ್ಕೆ ತಂದು, ಆಮೇಲೆ ಉಳಿದವರಿಗೆ ತೆರೆಯಿರಿ.